ಶರಣು ಅಂದುಕೊಂಡ ನಲವತ್ತು ದಿನ

ಗಂಗಾ ಮೊದಲ ಸಲ ಬಾಗಿದಾಗ ನಾನು ರೊಟ್ಟಿ ಬಡಿಯುತ್ತಿದ್ದೆ.

ಪಡಸಾಲೆಯಿಂದ ಮಾವ ಕೂಗಿದರು. "ಶೈಲವ್ವಾ, ಲಗೂ ಬಾ ಇಲ್ಲಿ! ಕೂಸು ಏನ್ ಮಾಡಾಕತ್ತೈತಿ ನೋಡು!" ಹಿಟ್ಟಿನ ಕೈಯಲ್ಲೇ ಓಡಿ ಬಂದೆ. ಐದು ತಿಂಗಳ ನನ್ನ ಮಗಳು ಆಗಷ್ಟೇ ನಿದ್ದೆಯಿಂದ ಎದ್ದಿದ್ದಳು. ಮಾವ ಅವಳನ್ನು ತೊಡೆಯ ಮೇಲೆ ಗೋಡೆಯ ಕಡೆ ಮುಖ ಮಾಡಿಸಿ ಹಿಡಿದುಕೊಂಡಿದ್ದರು. ಅವಳ ಎರಡೂ ಕೈ ಮುಂದಕ್ಕೆ ಬಂದವು, ತಲೆ ಬಾಗಿತು, ಮೊಣಕಾಲು ಸ್ವಲ್ಪ ಮಡಚಿಕೊಂಡವು. ಒಂದು ಕ್ಷಣ ಹಾಗೇ ಇದ್ದು ಸಡಿಲವಾದಳು. ಮತ್ತೆ ಬಾಗಿದಳು. ಮತ್ತೆ ಸಡಿಲವಾದಳು. ಎದುರಿನ ಗೋಡೆಯ ಮೇಲೆ ನಮ್ಮ ಅತ್ತೆಯ ಫೋಟೋ ಇತ್ತು.

"ಶರಣು ಮಾಡಾಕತ್ತಾಳ," ಎಂದರು ಮಾವ. "ನಿಮ್ಮತ್ತಿ ಬಂದಾಳ."

ನಮ್ಮ ಅತ್ತೆ ಗಂಗವ್ವನನ್ನು ನೋಡಿದವರಿಗೆ ಮಾತ್ರ ಈ ಮಾತು ಅರ್ಥವಾಗುತ್ತದೆ. ಬಾಗಿಲಿಗೆ ಯಾರೇ ಬರಲಿ, ಜಂಗಮರು ಬರಲಿ, ಬಳೆಗಾರ ಬರಲಿ, ಕರೆಂಟ್ ಬಿಲ್ ಕೊಡುವ ಹುಡುಗಿ ಬರಲಿ, ಅರ್ಧ ಮೈ ಬಗ್ಗಿಸಿ, ಎರಡೂ ಕೈ ಮುಂದೆ ತಂದು, "ಶರಣ್ರೀ" ಎನ್ನುತ್ತಿದ್ದರು. ಬಗ್ಗಿದಲ್ಲೇ ಒಂದು ಗಳಿಗೆ ನಿಲ್ಲುತ್ತಿದ್ದರು. ಊರ ಮಕ್ಕಳು ಅವರನ್ನು ಅಣಕಿಸಲು ಹಾಗೆ ಬಗ್ಗುತ್ತಿದ್ದವು, ಅವರು ತಿರುಗಿ ಆ ಮಕ್ಕಳಿಗೂ ಶರಣು ಮಾಡುತ್ತಿದ್ದರು. ನಾನು ಐದು ತಿಂಗಳ ಬಸುರಿಯಾಗಿದ್ದಾಗ ಒಂದು ಬೆಳಿಗ್ಗೆ ದನದ ಮನೆಯಲ್ಲಿ ಕುಸಿದು ಬಿದ್ದರು. ಹಾವೇರಿಯ ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ಆಮೇಲೆ ಮಾವ ಊಟ ಬಿಟ್ಟರು. ಬಿಟ್ಟರು ಅಂದರೆ ಪೂರ್ತಿ ಅಲ್ಲ, ತಟ್ಟೆಯ ಮುಂದೆ ಕುಳಿತು ರೊಟ್ಟಿಯ ಅಂಚು ಮುರಿದು ಏಳುತ್ತಿದ್ದರು. ಅವರು ಮದಗದ ಕೆರೆಯ ಕಾಲುವೆಗೆ ನೀರಗಂಟಿಯಾಗಿದ್ದವರು. ಯಾವ ಹೊಲಕ್ಕೆ ಯಾವ ಹೊತ್ತಿಗೆ ನೀರು ಎಂದು ಪಾಳಿ ಬರೆದಿಟ್ಟು ತೂಬು ತೆಗೆದು ಹಾಕುವುದು ಅವರ ಕೆಲಸ. ಮಾಸೂರಿನ ಸುತ್ತ ಅವರ ಮಾತಿಗೆ ರೈತರು ಎದುರಾಡುತ್ತಿರಲಿಲ್ಲ. ಅಂಥ ಮನುಷ್ಯ ಸೊಸೆಯ ಮುಂದೆ ಕುಳಿತು ಅಳುವುದನ್ನು ನಾನು ನೋಡಿದ್ದೆ. ಮಗಳು ಹುಟ್ಟಿದಾಗ ಗಂಗಾ ಎಂದು ಹೆಸರಿಟ್ಟದ್ದು ಅವರಿಗಾಗಿಯೇ. ನನಗೆ ಬೇರೆ ಹೆಸರು ಮನಸ್ಸಿನಲ್ಲಿತ್ತು. ಅದನ್ನು ಈಗ ಹೇಳಿ ಉಪಯೋಗವಿಲ್ಲ.

ತವರುಮನೆ ತಡಸದಲ್ಲಿ ಬಾಣಂತನ ಮುಗಿಸಿ ಕೂಸನ್ನು ಕರೆದುಕೊಂಡು ಬಂದು ಎಂಟು ದಿನವಾಗಿತ್ತು, ಅಷ್ಟೇ. ಎಂಟನೇ ದಿನಕ್ಕೆ ಕೂಸು ಅಜ್ಜಿಯ ಫೋಟೋಗೆ ಬಾಗಿತು. ನೀವಾದರೆ ಏನು ತಿಳಿಯುತ್ತಿದ್ದಿರಿ?

ಆ ಮಧ್ಯಾಹ್ನ ಮಾವ ಎರಡೂವರೆ ರೊಟ್ಟಿ ತಿಂದರು.

ಮರುದಿನದಿಂದ ಅದು ನಮ್ಮ ಮನೆಯ ಹಬ್ಬವಾಯಿತು. ಗಂಗಾ ನಿದ್ದೆಯಿಂದ ಎದ್ದ ಕೂಡಲೇ ಬಾಗುತ್ತಿದ್ದಳು. ಒಮ್ಮೆ ಶುರುವಾದರೆ ಎಂಟು ಸಲ, ಹತ್ತು ಸಲ. ಅವಳು ಏಳುವ ಹೊತ್ತಿಗೆ ಸರಿಯಾಗಿ ಮಾವ ಕೈಕಾಲು ತೊಳೆದು, ಹಣೆಗೆ ವಿಭೂತಿ ಹಚ್ಚಿಕೊಂಡು ತೊಟ್ಟಿಲ ಮುಂದೆ ಕೂರುತ್ತಿದ್ದರು. ಅವಳು ಬಾಗಿದರೆ ತಾವೂ ಬಾಗುತ್ತಿದ್ದರು. ಓಣಿಯ ಹೆಂಗಸರು ನೋಡಲು ಬಂದರು. ನಾನು ಫೋನಿನಲ್ಲಿ ವಿಡಿಯೋ ಮಾಡಿದೆ. ಅದರಲ್ಲಿ ನನ್ನ ದನಿ ಚೆನ್ನಾಗಿ ಕೇಳುತ್ತದೆ: "ಅಜ್ಜಿಗೆ ಇನ್ನೊಮ್ಮೆ ಶರಣು ಮಾಡು ಗಂಗೂ, ಇನ್ನೊಮ್ಮೆ!" ಹಿಂದೆ ಎಲ್ಲರೂ ನಗುತ್ತಿದ್ದಾರೆ. ನಾನೂ ನಗುತ್ತಿದ್ದೇನೆ. ಅದನ್ನು ಬೀಗರು ಬಿಜ್ಜರಿಗೆಲ್ಲ ಕಳಿಸಿದೆ. ಸವಣೂರಿನಲ್ಲಿರುವ ನನ್ನ ಅಕ್ಕ ಕೈ ಮುಗಿದ ಚಿತ್ರ ಕಳಿಸಿದಳು.

ಒಂದು ಮಾತು ಇಲ್ಲಿ ಹೇಳಲೇಬೇಕು, ಹೇಳಲು ನಾಲಿಗೆ ಏಳುವುದಿಲ್ಲ. ನಾನು ಅಂಗನವಾಡಿ ಟೀಚರ್. ಊರಿನ ಎಲ್ಲ ಕೂಸುಗಳ ತೂಕ ನೋಡುವವಳು ನಾನು. ಎಷ್ಟು ತಿಂಗಳಿಗೆ ಕತ್ತು ನಿಲ್ಲಬೇಕು, ಎಷ್ಟಕ್ಕೆ ಮುಖ ನೋಡಿ ನಗಬೇಕು ಎಂದು ತಾಯಿ ಕಾರ್ಡ್ ಹಿಡಿದು ಬಾಣಂತಿಯರಿಗೆ ಹೇಳಿಕೊಡುವವಳು ನಾನು. ದೀಪದ ಬುಡದಲ್ಲೇ ಕತ್ತಲು ಅನ್ನುತ್ತಾರೆ. ನಮ್ಮ ಮನೆಯಲ್ಲಿ ಆ ಕತ್ತಲಲ್ಲಿ ಕುಳಿತು ನಾವು ಚಪ್ಪಾಳೆ ತಟ್ಟಿದೆವು.

ಅನುಮಾನವೇ ಬರಲಿಲ್ಲವೇ? ಬಂತು. ಒಂದು ದಿನ ಬೆಳಿಗ್ಗೆ ಬಾಗಿದಾಗ ಅವಳ ಕಣ್ಣುಗುಡ್ಡೆ ಮೇಲಕ್ಕೆ ಹೋದದ್ದನ್ನು ನೋಡಿದೆ. ಬಾಗುವುದು ಮುಗಿದ ಮೇಲೆ ಅವಳು ಸುಸ್ತಾಗಿ ಅಳುತ್ತಿದ್ದಳು. ಶರಣು ಮಾಡಿದ ಕೂಸು ಯಾಕೆ ಅಳಬೇಕು? ನಾಲಿಗೆ ತುದಿಗೆ ಬಂದ ಮಾತು ಮಾವನ ಮುಖ ನೋಡಿ ಒಳಗೆ ಹೋಯಿತು. ಅವರು ಮತ್ತೆ ಊಟ ಮಾಡುತ್ತಿದ್ದರು. ಗಡ್ಡ ಬೋಳಿಸಿಕೊಂಡಿದ್ದರು. ಲಸಿಕೆ ಹಾಕಿಸಲು ಹೋದಾಗ ಸಿಸ್ಟರ್, "ಕೂಸು ಆರಾಮ ಐತೇನ್ರಿ ಟೀಚರ್?" ಎಂದು ಕೇಳಿದರು. "ಆರಾಮ ಐತ್ರಿ," ಎಂದೆ. ಗೊತ್ತಿತ್ತು ಎನ್ನಲಾರೆ, ಗೊತ್ತಿರಲಿಲ್ಲ ಎಂದರೂ ಸುಳ್ಳಾಗುತ್ತದೆ.

ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಹಾಜರಾದ ವಾರವೇ ಮಕ್ಕಳ ಆರೋಗ್ಯ ತಪಾಸಣೆಗೆ ತಂಡ ಬಂತು. ಇಬ್ಬರು ಸಿಬ್ಬಂದಿ, ಒಬ್ಬರು ಡಾಕ್ಟರಮ್ಮ. ಇಪ್ಪತ್ತು ಮಕ್ಕಳ ಹಲ್ಲು, ಕಣ್ಣು, ಕಿವಿ ನೋಡಿ ಮುಗಿದ ಮೇಲೆ ಚಹಾ ಕುಡಿಯುತ್ತ ಕುಳಿತೆವು. ಗಂಗಾ ಮೂಲೆಯಲ್ಲಿ ಮಲಗಿದ್ದಳು. ಮಾತಿಗೆ ಮಾತು ಬಂದು ನಾನು ಹೆಮ್ಮೆಯಿಂದ ವಿಡಿಯೋ ತೋರಿಸಿದೆ. "ನಮ್ಮತ್ತಿನ ಹುಟ್ಟಿ ಬಂದಾರ ಅಂತ ನಮ್ಮ ಮಾವಾರು ಹೇಳ್ತಾರ್ರಿ," ಎಂದು ನಕ್ಕೆ.

ಡಾಕ್ಟರಮ್ಮ ನಗಲಿಲ್ಲ.

ಚಹಾದ ಲೋಟ ಕೆಳಗಿಟ್ಟರು. "ಇನ್ನೊಮ್ಮೆ ಹಾಕ್ರಿ," ಎಂದರು. ಹಾಕಿದೆ. ಮೂರನೇ ಸಲ ಅವರೇ ಫೋನು ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದರು.

"ಎಷ್ಟ್ ದಿನದಿಂದ ಹಿಂಗ ಮಾಡಾಕತ್ತೈತ್ರಿ?"

"ಐದು ತಿಂಗಳಿದ್ದಾಗಿಂದ್ರಿ. ಯಾಕ್ರಿ ಮೇಡಂ?"

"ಇದು ಶರಣಲ್ರಿ ಟೀಚರ್. ಫಿಟ್ಸ್."

ಫಿಟ್ಸ್ ಎಂದರೆ ನೆಲಕ್ಕೆ ಬಿದ್ದು ಒದ್ದಾಡುವುದು, ಬಾಯಲ್ಲಿ ನೊರೆ ಬರುವುದು ಎಂದು ನಾನು ತಿಳಿದಿದ್ದೆ. ಕೂಸುಗಳಲ್ಲಿ ಇಷ್ಟು ಮೆಲ್ಲಗೆ, ಇಷ್ಟು ಚೆಂದವಾಗಿ ಬರುತ್ತದೆ ಎಂದು ಯಾರಾದರೂ ಹೇಗೆ ತಿಳಿಯಬೇಕು? ಡಾಕ್ಟರಮ್ಮ ಅಲ್ಲೇ ಹುಬ್ಬಳ್ಳಿಯ ಆಸ್ಪತ್ರೆಗೆ ಫೋನು ಮಾಡಿದರು. "ನಾಳಿಗೆ ಅಲ್ರಿ, ಇವತ್ತ ಹೋಗ್ರಿ," ಎಂದರು. ಫೋನಿನಲ್ಲಿ ವಿಡಿಯೋದ ತಾರೀಖು ನೋಡಿ ಎಣಿಸಿದೆ. ನಲವತ್ತು ದಿನ.

ನನ್ನ ಗಂಡ ಶಿವಾನಂದ ಬ್ಯಾಡಗಿ ಮಾರ್ಕೆಟ್ಟಿಗೆ ಮೆಣಸಿನಕಾಯಿ ಚೀಲ ಸಾಗಿಸುವ ಗಾಡಿ ಓಡಿಸುತ್ತಾರೆ. ಅದೇ ಗಾಡಿಯಲ್ಲಿ ಹುಬ್ಬಳ್ಳಿಗೆ ಹೋದೆವು. ಮೆಣಸಿನಕಾಯಿ ಘಾಟಿಗೆ ಎಲ್ಲರ ಕಣ್ಣಲ್ಲೂ ನೀರು. ಯಾರು ಅಳುತ್ತಿದ್ದಾರೆ, ಯಾರು ಇಲ್ಲ ಎಂದು ತಿಳಿಯುತ್ತಿರಲಿಲ್ಲ. ಮಾವ ಬರುತ್ತೇನೆ ಎಂದು ಹಟ ಹಿಡಿದು ಬಂದಿದ್ದರು. ದಾರಿಯುದ್ದಕ್ಕೂ ಒಂದೇ ಮಾತು: "ಡಾಕ್ಟರಮ್ಮಗ ತಪ್ಪ ತಿಳದೈತಿ. ಶರಣು ಅದು."

ಆಸ್ಪತ್ರೆಯಲ್ಲಿ ಗಂಗಾಳ ತಲೆಗೆ ಬೆಲ್ಲದ ಪಾಕದಂಥ ಅಂಟು ಹಚ್ಚಿ ಸಣ್ಣ ಸಣ್ಣ ವೈರು ಅಂಟಿಸಿದರು. ಇಇಜಿ. ನಿದ್ದೆ ಮಾಡಿಸಿ, ಎಬ್ಬಿಸಿ ರೆಕಾರ್ಡ್ ಮಾಡಿದರು. ಎದ್ದ ಕೂಡಲೇ ಅವಳು ಬಾಗಿದಳು. ಅದೇ ಗಳಿಗೆಗೆ ಪರದೆಯ ಮೇಲೆ ಗೆರೆಗಳೆಲ್ಲ ಎದ್ದು ಕುಣಿದವು. ಮಾವ ಅದನ್ನು ಕಣ್ಣಾರೆ ನೋಡಿದರು. ಆಮೇಲೆ ಅವರು ಶರಣು ಎನ್ನಲಿಲ್ಲ.

ಮಕ್ಕಳ ನರರೋಗದ ಡಾಕ್ಟರು ಕಾಗದದ ಮೇಲೆ ಹೆಸರು ಬರೆದುಕೊಟ್ಟರು. ಇನ್ಫಂಟೈಲ್ ಸ್ಪಾಸಮ್ಸ್. ಅವರದು ನಿಧಾನದ ಮಾತು. ಮೊದಲ ವರ್ಷದಲ್ಲಿ ಮಿದುಳು ತನ್ನ ದಾರಿಗಳನ್ನು ತಾನೇ ಹಾಕಿಕೊಳ್ಳುತ್ತದಂತೆ. ನೋಡಿದ್ದು, ಕೇಳಿದ್ದು, ಮುಟ್ಟಿದ್ದು ಎಲ್ಲದಕ್ಕೂ ಒಂದೊಂದು ದಾರಿ. ಆ ದಾರಿ ಬೀಳುವ ಹೊತ್ತಿನಲ್ಲೇ ಈ ಗದ್ದಲ ಎದ್ದರೆ ಕಲಿಯುವುದು ನಿಲ್ಲುತ್ತದೆ, ಕಲಿತದ್ದೂ ಅಳಿಸಿ ಹೋಗಬಹುದು. ನನ್ನ ಕಿವಿಗೆ ಅರ್ಧ ಹೋಯಿತು, ಅರ್ಧ ಇಲ್ಲ. ಮಾವ ಮಾತ್ರ ಮುಂದೆ ಬಾಗಿ ಕೇಳುತ್ತಿದ್ದರು.

"ಅಂದ್ರ ಎಲ್ಲಾ ತೂಬು ಒಮ್ಮೆಲೆ ತೆಗದಂಗ ಏನ್ರಿ? ಯಾವ ಹೊಲಕ್ಕೂ ನೆಟ್ಟಗ ನೀರು ಮುಟ್ಟೂದಿಲ್ಲ, ಬದು ಒಡದು ಹೋಗತಾವು?"

ಡಾಕ್ಟರು ಅವರನ್ನೇ ನೋಡಿದರು. "ಹೌದ್ರಿ ಅಜ್ಜಾರ. ಹಂಗ."

ಆಮೇಲೆ ನನ್ನ ಕಡೆ ತಿರುಗಿ ಒಂದು ಪ್ರಶ್ನೆ ಕೇಳಿದರು. "ಕೂಸು ನಗೂದು ಯಾವಾಗ ನಿಲ್ಲಸ್ತು?"

ಚೀಲದಿಂದ ತಾಯಿ ಕಾರ್ಡ್ ತೆಗೆದೆ.

ಮೂರನೇ ತಿಂಗಳಿಗೆ ಅವಳು ನಗುತ್ತಿದ್ದಳು. ತಾಯಿ ಕಾರ್ಡಿನಲ್ಲಿ ಆ ಚೌಕಕ್ಕೆ ನಾನೇ ಟಿಕ್ ಹಾಕಿದ್ದೆ. ಈಗ ನಗುತ್ತಿರಲಿಲ್ಲ. ಡಾಕ್ಟರು ಕೇಳುವವರೆಗೂ ಅದು ನನ್ನ ಗಮನಕ್ಕೆ ಬಂದಿರಲಿಲ್ಲ. ಎಲ್ಲರೂ ಅವಳು ಬಾಗುವುದನ್ನು ನೋಡುತ್ತ ಕುಳಿತಿದ್ದೆವು, ನಗು ಹೋದದ್ದನ್ನು ಯಾರೂ ನೋಡಲಿಲ್ಲ. ಕಾರ್ಡಿನಲ್ಲಿ ನಗು ಬಂದದ್ದಕ್ಕೆ ಚೌಕ ಇದೆ, ಹೋದದ್ದಕ್ಕೆ ಇಲ್ಲ.

"ಮೊದಲನೇ ವಾರದಾಗ ಬಂದಿದ್ರ?" ಎಂದು ಕೇಳಿದೆ.

ಅವರು ಸುಳ್ಳು ಹೇಳಲಿಲ್ಲ. "ಲಗೂ ಬಂದಷ್ಟು ಚಲೋ ಇರತೈತ್ರಿ. ಆದ್ರ ನಿಮ್ಮ ಕೂಸಿಗೆ ಇದರ ಬೇರು ಹುಟ್ಟೂಕಿಂತ ಮೊದಲ ಇದ್ದಿರಬಹುದು. ಎಷ್ಟು ಹೋಗಿದ್ದು ಬೇರಿನಿಂದ, ಎಷ್ಟು ಹೋಗಿದ್ದು ತಡದಿಂದ ಅಂತ ಅಳದು ಹೇಳಾಕ ನನಗ ಬರೂದಿಲ್ರಿ."

ಹಾರ್ಮೋನ್ ಇಂಜೆಕ್ಷನ್ ಶುರುವಾಯಿತು. ಕೆಲವು ದಿನ ಆಸ್ಪತ್ರೆಯಲ್ಲಿ, ಆಮೇಲೆ ದಿನಾ ಬೆಳಿಗ್ಗೆ ನಮ್ಮ ಕಡೆಯ ಆರೋಗ್ಯ ಕೇಂದ್ರದಲ್ಲಿ. ಲಸಿಕೆಯ ದಿನ ನನ್ನನ್ನು ಕೇಳಿದ್ದ ಅದೇ ಸಿಸ್ಟರ್ ಚುಚ್ಚುತ್ತಿದ್ದರು. ಆ ಮಾತು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಗಂಗಾಳ ತೊಡೆ ಗಂಟುಗಂಟಾಯಿತು. ಮುಖ ಊದಿ ಗುಂಡಗಾಯಿತು. ಹಗಲೆಲ್ಲ ಕಿರಿಕಿರಿ, ಅಳು. ಸೋಂಕು ತಗಲಬಾರದು ಎಂದು ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಬಾಗಿಲಲ್ಲೇ ನಿಂತು ನೋಡಿದ ಓಣಿಯವರು, "ಕೂಸು ಎಷ್ಟ್ ಚಲೋ ಮೈ ತುಂಬೇತಿ!" ಎನ್ನುತ್ತಿದ್ದರು. ಹೌದ್ರಿ ಎನ್ನುತ್ತಿದ್ದೆ. ಇನ್ನೇನು ಹೇಳಲಿ?

ಶಿವಾನಂದ ಒಂದೇ ಒಂದು ಸಲ ಸಿಟ್ಟು ಮಾಡಿದರು. "ಮಂದಿ ಮಕ್ಕಳನ್ನ ನೋಡಾಕ ಹೋಗಿ ನಮ್ಮ ಕೂಸಿಗೆ ಕಣ್ಣು ಇಲ್ದಂಗಾತಲ್ಲ ನಿನಗ," ಎಂದರು. ನಾನು ಉತ್ತರ ಕೊಡುವ ಮೊದಲೇ ಮಾವ ಒಳಗಿನಿಂದ ಬಂದು ನಡುವೆ ನಿಂತರು. "ಆಕಿನ್ನ ಅನ್ನಬ್ಯಾಡ. ಶರಣು ಅಂದಾಂವ ನಾನು. ಅನ್ನೂದಿದ್ರ ನನಗ ಅನ್ನು." ಆ ಮೇಲೆ ಮನೆಯಲ್ಲಿ ಯಾರೂ ಯಾರನ್ನೂ ಅನ್ನಲಿಲ್ಲ. ಅನ್ನದೇ ಇದ್ದದ್ದು ಅಂದದ್ದಕ್ಕಿಂತ ಹೆಚ್ಚು ಭಾರವಾಗಿತ್ತು.

ದಿನಕ್ಕೆ ಎಷ್ಟು ಸಲ ಬರುತ್ತದೆ ಎಂದು ಬರೆದಿಡಲು ಡಾಕ್ಟರು ಹೇಳಿದ್ದರು. ಆ ಕೆಲಸ ಮಾವ ವಹಿಸಿಕೊಂಡರು. ನೀರಿನ ಪಾಳಿ ಬರೆಯುತ್ತಿದ್ದಂಥದೇ ಉದ್ದನೆಯ ಪುಸ್ತಕ, ಅದೇ ಗೆರೆ, ಅದೇ ಕೈಬರಹ. ಹೊಲಗಳ ಹೆಸರು ಇದ್ದ ಜಾಗದಲ್ಲಿ ಈಗ ಹೊತ್ತು: ಮುಂಜಾನೆ, ಮಧ್ಯಾಹ್ನ, ಸಂಜಿ. ತೊಟ್ಟಿಲ ಮುಂದೆ ಅದೇ ಜಾಗದಲ್ಲಿ ಕೂರುತ್ತಿದ್ದರು. ಅವಳು ಬಾಗಿದಾಗ ಮೊದಲು ಕೈ ಮುಗಿಯುತ್ತಿದ್ದವರು ಈಗ ಗೀಟು ಎಳೆಯುತ್ತಿದ್ದರು. ಅವರ ಕೈ ಒಂದೆರಡು ಸಲ ತಾನಾಗಿಯೇ ಮೇಲೆದ್ದು ಅರ್ಧಕ್ಕೆ ನಿಂತದ್ದನ್ನು ನಾನು ನೋಡಿದ್ದೇನೆ. ಇಪ್ಪತ್ತೆರಡು. ಹತ್ತೊಂಬತ್ತು. ಹನ್ನೊಂದು. ಹದಿನಾಲ್ಕು. ನಾಲ್ಕು.

ಹನ್ನೊಂದನೇ ಇಂಜೆಕ್ಷನ್ನಿನ ದಿನ ಗಂಗಾ ಎದ್ದಳು. ನಾನೂ ಮಾವನೂ ತೊಟ್ಟಿಲ ಮೇಲೆ ಬಾಗಿ ನೋಡಿದೆವು. ಕಣ್ಣು ಬಿಟ್ಟು ಸುಮ್ಮನೆ ಮಲಗಿದ್ದಳು. ಮಧ್ಯಾಹ್ನ ಎದ್ದಾಗಲೂ ಸುಮ್ಮನೆ. ಸಂಜೆಯೂ ಸುಮ್ಮನೆ. ಮಾವ ಪುಸ್ತಕದಲ್ಲಿ ದೊಡ್ಡದಾಗಿ ಸೊನ್ನೆ ಬರೆದರು. ಆ ಸೊನ್ನೆಗಾಗಿ ನಾವು ಎಷ್ಟು ದೇವರಿಗೆ ಹರಕೆ ಹೊತ್ತಿದ್ದೆವು. ಪೆನ್ನು ಮುಚ್ಚಿ, ಗೋಡೆಯ ಫೋಟೋ ಕಡೆ ನೋಡಿ, ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಅವರು ಬಿಕ್ಕಿ ಬಿಕ್ಕಿ ಅತ್ತರು.

"ಹೋದ್ಲು," ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಹೋಗ್ಲಿ. ಕೂಸು ಉಳೀಲಿ."

ನನಗೂ ಅಳು ತಡೆಯಲಿಲ್ಲ. ಅವರ ಹೆಂಡತಿ ಎರಡನೇ ಸಲ ಹೋಗಿದ್ದರು.

ಮತ್ತೆ ಇಇಜಿ ಮಾಡಿದರು. ಗದ್ದಲ ಕಡಿಮೆಯಾಗಿತ್ತು. ಆದರೆ ಹೋದ ನಗು ಬರಲಿಲ್ಲ. ಕತ್ತು ಮತ್ತೆ ಜೋಲುತ್ತಿತ್ತು. ಎಂಆರ್‌ಐನಲ್ಲಿ ಏನೂ ಕಾಣಲಿಲ್ಲ. ಗಂಗಾಳ, ನನ್ನ, ಶಿವಾನಂದರ ರಕ್ತ ತೆಗೆದುಕೊಂಡು ಜೀನ್ ಟೆಸ್ಟಿಗೆ ಕಳಿಸಿದರು. ಕೆಲವು ತಿಂಗಳ ಮೇಲೆ ವರದಿ ಬಂತು. ಒಂದು ಜೀನಿನಲ್ಲಿ ಬದಲಾವಣೆ ಇದೆ, ಅದು ಅವಳಲ್ಲೇ ಹೊಸದಾಗಿ ಆದದ್ದು, ನನ್ನಿಂದಾಗಲಿ ಶಿವಾನಂದರಿಂದಾಗಲಿ ಬಂದದ್ದಲ್ಲ. ಆದರೆ ಕಾಯಿಲೆಗೆ ಅದೇ ಕಾರಣವೇ ಎಂದು ಇನ್ನೂ ಖಚಿತವಿಲ್ಲ. ಯಾರಿಗೂ ಗೊತ್ತಿಲ್ಲದ್ದನ್ನು ಮೂರು ಪುಟ ಇಂಗ್ಲಿಷಿನಲ್ಲಿ ಬರೆದಿದ್ದರು.

ಆಗಲೇ ಡಾಕ್ಟರು ಸಂಶೋಧನೆಯ ಮಾತು ತೆಗೆದದ್ದು. ರಕ್ತದ ಕಣಗಳನ್ನು ತೆಗೆದುಕೊಂಡು, ಅವನ್ನು ಎಳೆಯ ಸ್ಥಿತಿಗೆ ತಿರುಗಿಸಿ, ಅಲ್ಲಿಂದ ಮಿದುಳಿನ ಕಣಗಳಾಗಿ ಗಾಜಿನ ತಟ್ಟೆಯಲ್ಲಿ ಬೆಳೆಸುತ್ತಾರಂತೆ. ಎಳ್ಳಿನ ಕಾಳಿನಷ್ಟು ಗಾತ್ರಕ್ಕೆ ಬೆಳೆಯುತ್ತವಂತೆ. ಆ ಬದಲಾವಣೆ ಇದ್ದರೆ ದಾರಿಗಳು ಹೇಗೆ ತಪ್ಪುತ್ತವೆ, ಯಾವ ಔಷಧಕ್ಕೆ ಬಗ್ಗುತ್ತವೆ ಎಂದು ಅಲ್ಲಿ ನೋಡುತ್ತಾರೆ. ಗಂಗಾಳ ಸ್ವಲ್ಪ ರಕ್ತ ಕೊಡಲು ಒಪ್ಪಿಗೆಯೇ ಎಂದು ಕೇಳಿದರು.

"ಅದರಿಂದ ನಮ್ಮ ಕೂಸಿಗೆ ಏನರ ಆಗತೈತೇನ್ರಿ?" ಎಂದರು ಮಾವ.

"ಬಹುಶಃ ಇಲ್ರಿ ಅಜ್ಜಾರ. ಮುಂದ ಹುಟ್ಟೂ ಯಾವುದರ ಕೂಸಿಗೆ ಆಗಬಹುದು. ಅದೂ ಖಾತ್ರಿ ಇಲ್ಲ."

ಶಿವಾನಂದ ಬೇಡ ಎಂದರು. ಚುಚ್ಚಿಸಿಕೊಂಡದ್ದು ಸಾಕು ಎಂದರು. ನನಗೆ ಎರಡೂ ಸರಿ ಅನಿಸಿತು. ಮಾವ ಮಗನಿಗೆ ಹೇಳಿದರು: "ಕಾಲುವಿ ಕಟ್ಟಿದಾಂವ ಹೊಲ ನೋಡಾಕ ಇರೂದಿಲ್ಲಪಾ. ಆದ್ರೂ ಕಟ್ಟತಾನ. ಕೊಡ್ರಿ." ಶಿವಾನಂದ ಅಪ್ಪನ ಮುಖ ನೋಡಿ ಸಹಿ ಮಾಡಿದರು. ನಾನೂ ಮಾಡಿದೆ. ಈಗ ಎಲ್ಲೋ ಒಂದು ಲ್ಯಾಬಿನಲ್ಲಿ ಎಳ್ಳಿನ ಕಾಳಿನಷ್ಟು ಗಂಗಾ ಬೆಳೆಯುತ್ತಿರಬಹುದು. ಅದನ್ನು ಯೋಚಿಸಿದರೆ ಕೆಲವು ದಿನ ಸಮಾಧಾನ, ಕೆಲವು ದಿನ ಹೆದರಿಕೆ.

ಗಂಗಾಳಿಗೆ ಈಗ ಎರಡೂವರೆ ವರ್ಷ. ಅವಳ ಓರಗೆಯ ಮಕ್ಕಳು ಇನ್ನಾರು ತಿಂಗಳಿಗೆ ನನ್ನ ಅಂಗನವಾಡಿಗೆ ನಡೆದು ಬರುತ್ತವೆ. ಇವಳು ಒರಗಿಸಿದರೆ ಕೂರುತ್ತಾಳೆ. ಮಾತಿಲ್ಲ. ಗಂಜಿ ನುಂಗಲು ಮುಕ್ಕಾಲು ಗಂಟೆ ಬೇಕು. ವಾರಕ್ಕೆರಡು ಸಲ ಹಾವೇರಿಯಲ್ಲಿ ಫಿಸಿಯೋಥೆರಪಿ. ಬೇರೆ ತರಹದ ಫಿಟ್ಸ್ ಆಗೊಮ್ಮೆ ಈಗೊಮ್ಮೆ ಬರುತ್ತದೆ, ಮಾತ್ರೆ ನಡೆದೇ ಇದೆ. ಮುಂದೆ ಏನು ಎಂದು ಕೇಳುವುದನ್ನು ಬಿಟ್ಟಿದ್ದೇನೆ. ಬಿಟ್ಟಿದ್ದೇನೆ ಎನ್ನುವುದೂ ಪೂರ್ತಿ ನಿಜವಲ್ಲ.

ನಗು ಬಂತು. ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಒಂದೂವರೆ ವರ್ಷ ತುಂಬಿದ ಮೇಲೆ ಒಂದು ದಿನ ಒಗ್ಗರಣೆಯ ಘಾಟಿಗೆ ಮಾವ ಜೋರಾಗಿ ಸೀನಿದರು. ಗಂಗಾ ನಕ್ಕಳು. ಹಲ್ಲು ಬಿಟ್ಟು, ಸದ್ದು ಮಾಡಿ ನಕ್ಕಳು. ಮಾವ ಮತ್ತೆ ಸೀನಿದರು, ಈ ಸಲ ಸುಳ್ಳು ಸೀನು. ಅವಳು ಮತ್ತೆ ನಕ್ಕಳು. ಆವತ್ತಿನಿಂದ ನಮ್ಮ ಮನೆಯ ಹಿರಿಯರು ದಿನಕ್ಕೆ ಐವತ್ತು ಸಲ ಸೀನುತ್ತಾರೆ. ಶುಭಕಾರ್ಯಕ್ಕೆ ಹೊರಟವರು ನಮ್ಮ ಬಾಗಿಲ ಮುಂದೆ ಹಾಯುವುದೇ ಇಲ್ಲ.

ಹೋದ ತಿಂಗಳು ಪಕ್ಕದ ಊರಿನ ಅಂಗನವಾಡಿಯಲ್ಲಿ ತಾಯಂದಿರ ಸಭೆ ಇತ್ತು. ಸುತ್ತಲಿನ ನಾಲ್ಕೈದು ಹಳ್ಳಿಯ ಬಾಣಂತಿಯರು ಬರುತ್ತಾರೆ, ನಿಮ್ಮ ವಿಡಿಯೋ ತೋರಿಸುತ್ತೀರಾ ಎಂದು ತಪಾಸಣೆ ತಂಡದ ಆ ಡಾಕ್ಟರಮ್ಮ ಕೇಳಿದರು. ಎರಡು ವರ್ಷ ನಾನು ಅದನ್ನು ತೆರೆದಿರಲಿಲ್ಲ. ಅಳಿಸಿಯೂ ಇರಲಿಲ್ಲ. ಪಡಸಾಲೆಯಲ್ಲಿ ಕುಳಿತು ಅದರ ದನಿ ತೆಗೆಯಲು ನೋಡುತ್ತಿದ್ದೆ. ನಮ್ಮ ನಗು, ನನ್ನ "ಇನ್ನೊಮ್ಮೆ, ಇನ್ನೊಮ್ಮೆ" ಯಾರಿಗೂ ಕೇಳುವುದು ಬೇಡವಾಗಿತ್ತು. ಮಾವ ನೋಡಿದರು.

"ಏನ್ ಮಾಡಾಕತ್ತೀಯವ್ವಾ?"

"ಸೌಂಡ್ ತಗಿಯಾಕತ್ತೇನ್ರಿ ಮಾವಾರ."

"ತಗೀಬ್ಯಾಡ," ಎಂದರು. "ನಾವು ನಕ್ಕಿದ್ದು ಕೇಳ್ಲಿ. ಅಳಸೂ ರೋಗ ಎಲ್ಲಾರಿಗೂ ತಿಳೀತೈತಿ, ನಗಸೂ ರೋಗ ತಿಳಿಯೂದಿಲ್ಲ."

ಸಭೆಯಲ್ಲಿ ಮೂವತ್ತು ಹೆಂಗಸರಿದ್ದರು, ಹೆಚ್ಚಿನವರ ಮಡಿಲಲ್ಲಿ ಕೂಸು. ಅವರಿಗೆ ನಾವು ಯಾರೆಂದು ಗೊತ್ತಿರಲಿಲ್ಲ. ಗೋಡೆಗೆ ದೊಡ್ಡದಾಗಿ ವಿಡಿಯೋ ಹಾಕಿದೆವು. ಐದು ತಿಂಗಳ ಗಂಗಾ ಬಾಗಿದಳು, ಎದ್ದಳು, ಬಾಗಿದಳು. ಎಲ್ಲರೂ ನಕ್ಕರು. "ಅಯ್ಯ, ಎಷ್ಟ್ ಚಂದ ಶರಣು ಮಾಡತೈತಿ ನೋಡ್ರಿ!" ಎಂದಳು ಮುಂದೆ ಕುಳಿತ ಒಬ್ಬ ಬಾಣಂತಿ. ಗೋಡೆಯ ಮೇಲೂ ನಗು, ಕೋಣೆಯೊಳಗೂ ನಗು. ನಾನು ಆ ನಗು ಮುಗಿಯುವವರೆಗೆ ಕಾಯ್ದೆ.

ಆಮೇಲೆ ಬಾಗಿಲ ಹತ್ತಿರ ಮಾವನ ಎದೆಗೆ ಒರಗಿದ್ದ ಮಗಳನ್ನು ಎತ್ತಿಕೊಂಡು ಬಂದು ಅವರ ನಡುವೆ ಕುಳಿತೆ.

"ಆ ಕೂಸು ಇದ ನೋಡ್ರಿ," ಎಂದೆ.